ಅಮ್ಮನ ಕಡೆಯಿಂದ ಶುರುವಾಗುವ ವಂಶವೃಕ್ಷ: ಭಾನುವಾರದ ಕ್ಲಾಸಿಗೆ ಮಾಡಿದ ಪೆಟ್ಟಿಗೆ

ಅಂಗಡಿಯಲ್ಲಿ ಸಿಗುವ ವಂಶವೃಕ್ಷದ ಚಾರ್ಟುಗಳೆಲ್ಲ ಒಂದೇ ನಮೂನೆ. ಮೇಲೆ ಮುತ್ತಜ್ಜ, ಕೆಳಗೆ ಅವನ ಗಂಡುಮಕ್ಕಳು, ಅವರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೆಂಡತಿಯರು. ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಸಂಘದ ಹಾಲಿನಲ್ಲಿ ಭಾನುವಾರ ಬೆಳಗ್ಗೆ ಕನ್ನಡ ಕಲಿಯಲು ಬರುವ ಮಕ್ಕಳಲ್ಲಿ ಅರ್ಧದಷ್ಟು ಜನ ಉಡುಪಿ, ಕುಂದಾಪುರ, ಕಾರ್ಕಳ ಕಡೆಯವರು. ಅವರಲ್ಲಿ ಹೆಚ್ಚಿನವರದ್ದು ಅಳಿಯಕಟ್ಟಿನ ಮನೆ. ಅಲ್ಲಿ ಕುಟುಂಬ ಅಂದರೆ ಅಮ್ಮನ ಕುಟುಂಬ. ಬರಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ಅಮ್ಮನಿಂದ. ಆಸ್ತಿ ಸೋದರಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ಅಪ್ಪ ಬೇರೆ ಕುಟುಂಬದವನು. ಇಂಥ ಮನೆಯನ್ನು ಆ ಚಾರ್ಟಿನಲ್ಲಿ ತುಂಬಲು ಹೋದರೆ ಕುಟುಂಬದ ಯಜಮಾನನಾಗಿದ್ದ ಸೋದರಮಾವನಿಗೇ ಜಾಗ ಇರುವುದಿಲ್ಲ!

ಉಳಿದ ಮಕ್ಕಳು ಧಾರವಾಡ, ವಿಜಯಪುರ, ಬೆಳಗಾವಿ ಕಡೆಯವರು. ಅವರದ್ದು ಅಪ್ಪನ ಕಡೆಯ ಲೆಕ್ಕ, ಅಡ್ಡಹೆಸರು, ಮನೆದೇವರು. ಒಂದೇ ಚಾರ್ಟು ಇಬ್ಬರಿಗೂ ಆಗಬೇಕು. ಹಾಗಾಗಿ ಸಿದ್ಧ ಚಾರ್ಟು ಬಿಟ್ಟು, ಕ್ಲಾಸಿಗೆ ಬೇಕಾದ ಸಾಮಾನನ್ನು ನಾವೇ ಮಾಡಿಕೊಂಡೆವು. ಒಂದು ಬಟ್ಟೆ, ಒಂದು ಸಂವತ್ಸರ ಚಕ್ರ, ಒಂದು ಟೇಪು, ಫೋಟೊ ತೆಗೆಯಲು ಒಂದು ಗೂಡು. ಎಲ್ಲವೂ ಒಂದು ತಗಡಿನ ಟ್ರಂಕಿನಲ್ಲಿ ಹಿಡಿಯುತ್ತವೆ. ಬೇರೆ ಊರಿನ ಸಂಘದವರೂ ಮಾಡಿಕೊಳ್ಳಲಿ ಅಂತ ಅಳತೆ ಸಮೇತ ಬರೆಯುತ್ತಿದ್ದೇನೆ.

ಬಟ್ಟೆ

ಮಂಗಲದಾಸ್ ಮಾರ್ಕೆಟ್ಟಿನಲ್ಲಿ ಮಾಂಜರ್‌ಪಾಟ್ ಕೇಳಿದರೆ ಕೊಡುತ್ತಾರೆ. ಬಿಳಿಚಿಸದ, ಒರಟು ಹತ್ತಿ ಬಟ್ಟೆ. ಅಗ್ಗ, ಗಟ್ಟಿ, ಗೋಡೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ತಂದ ಕೂಡಲೇ ಕತ್ತರಿಸಬೇಡಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಈ ಬಟ್ಟೆ ಚೆನ್ನಾಗಿ ಕುಗ್ಗುತ್ತದೆ. ಆಮೇಲೆ 2 ಮೀಟರ್ ಅಗಲ, 1.4 ಮೀಟರ್ ಎತ್ತರಕ್ಕೆ ಕತ್ತರಿಸಿ ಅಂಚು ಮಡಚಿ ಹೊಲಿಯಬೇಕು. ಮೇಲೂ ಕೆಳಗೂ ಪೈಪು ತೂರುವಷ್ಟು ಅಗಲದ ಮಡಿಕೆ ಇರಲಿ.

ಪೈಪು ಅಂದರೆ ಮನೆಯ ವೈರಿಂಗಿಗೆ ಹಾಕುವ 20 ಮಿ.ಮೀ. ಪಿವಿಸಿ ಪೈಪು. 2 ಮೀಟರಿನ ಕೋಲು ಹಿಡಿದುಕೊಂಡು ಲೋಕಲ್ ಟ್ರೈನ್ ಹತ್ತುವುದು ಆಗದ ಮಾತು. ಹಾಗಾಗಿ ಪ್ರತಿ ಪೈಪನ್ನೂ ಮೂರು ತುಂಡು ಮಾಡಿ, ನಡುವೆ ಕಪ್ಲರ್ ಹಾಕಿದ್ದೇವೆ. ಗಮ್ ಹಚ್ಚುವುದು ಬೇಡ, ಒತ್ತಿ ಕೂರಿಸಿದರೆ ಸಾಕು.

ಈಗ ಮುಖ್ಯ ಕೆಲಸ. ಬಟ್ಟೆಯ ಮೇಲೆ ಗಿಡ ಬರೆಯಲಿಲ್ಲ, ಕೊಂಬೆ ಬರೆಯಲಿಲ್ಲ. ಅಡ್ಡ ಉದ್ದ 20 ಸೆಂ.ಮೀ.ಗೆ ಒಂದರಂತೆ ಟಿಚ್ ಬಟನ್ನಿನ ಒಂದು ಭಾಗ ಹೊಲಿದೆವು. ಅಗಲಕ್ಕೆ 9, ಎತ್ತರಕ್ಕೆ 6, ಒಟ್ಟು 54. ಬಟನ್ನಿನ ಇನ್ನೊಂದು ಭಾಗ ಕಾರ್ಡಿನ ಹಿಂದೆ. ಕಾರ್ಡಿನ ಅಳತೆ 12 ಸೆಂ.ಮೀ.ಗೆ 8. ಕಾರ್ಡನ್ನು ಎಲ್ಲಿ ಬೇಕಾದರೂ ಒತ್ತಬಹುದು, ಕಿತ್ತು ಬೇರೆ ಕಡೆ ಹಾಕಬಹುದು. ವೆಲ್ಕ್ರೋ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಧೂಳು, ನೂಲು ಹಿಡಿಯುತ್ತದೆ, ಬೇಗ ಸಡಿಲಾಗುತ್ತದೆ. ಟಿಚ್ ಬಟನ್ ಒತ್ತುವಾಗ ಬರುವ ಶಬ್ದ ಮಕ್ಕಳಿಗೆ ಬೇರೆ ಇಷ್ಟ.

ಸಂಬಂಧ ತೋರಿಸಲು ಉಲ್ಲನ್ ದಾರ. ಅಮ್ಮನಿಂದ ಮಗುವಿಗೆ ಕೆಂಪು, ಅಪ್ಪನಿಂದ ಮಗುವಿಗೆ ನೀಲಿ, ಮದುವೆಗೆ ಹಳದಿ. ಅಳಿಯಕಟ್ಟಿನ ಮನೆಯಾದರೆ ನೆನಪಿರುವ ಅತ್ಯಂತ ಹಿರಿಯ ಹೆಂಗಸನ್ನು ಮೇಲಿನ ಸಾಲಿನ ನಡುವೆ ಹಾಕುತ್ತೇವೆ. ಅವಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೆಳಗಿನ ಸಾಲಿಗೆ ಬರುತ್ತಾರೆ. ಮೂರನೇ ಸಾಲಿಗೆ ಬರುವುದು ಹೆಣ್ಣುಮಕ್ಕಳ ಮಕ್ಕಳು ಮಾತ್ರ. ಗಂಡುಮಕ್ಕಳ ಮಕ್ಕಳಿಗೆ ನೀಲಿ ದಾರ ಕಟ್ಟಿ ಬಟ್ಟೆಯ ಅಂಚಿಗೆ ಎಳೆಯುತ್ತೇವೆ. ಅವರು ಅವರ ಅಮ್ಮನ ಕುಟುಂಬದವರು, ಅವರ ಬಟ್ಟೆ ಬೇರೆ. ಅಂಚಿನಲ್ಲಿ ಸಾಲಾಗಿ ಕಾಜ ಹೊಲಿದಿದ್ದೇವೆ, ಆ ಇನ್ನೊಂದು ಬಟ್ಟೆಯನ್ನು ಪಕ್ಕಕ್ಕೆ ಜೋಡಿಸಲು. ಧಾರವಾಡದ ಮಕ್ಕಳು ಇದೇ ಬಟ್ಟೆಯನ್ನು ಅಪ್ಪನ ಕಡೆಯಿಂದ ತುಂಬುತ್ತಾರೆ. ಬಟನ್ನಿಗೆ ಯಾವ ಕಟ್ಟಾದರೂ ಒಂದೇ.

ಕಾರ್ಡಿಗೆ ನಂಬರ್ ಹಾಕುವುದನ್ನು ಮೊದಲೇ ಕಲಿಸಿಬಿಡಿ. ಮೇಲಿನ ಹಿರಿಯಳು 1. ಅವಳ ಮಕ್ಕಳು 1.1, 1.2, 1.3. ಎರಡನೆಯವಳ ಮೊದಲ ಮಗು 1.2.1. ಇದನ್ನು ವಂಶಾವಳಿ ಮಾಡುವವರು ಜಗತ್ತಿನಾದ್ಯಂತ ಬಳಸುತ್ತಾರೆ. ಒಂದೇ ಮನೆಯಲ್ಲಿ ಮೂವರು ಕಲ್ಯಾಣಿ, ನಾಲ್ವರು ಸಂಜೀವ ಇರುವುದು ನಮ್ಮಲ್ಲಿ ಮಾಮೂಲು. ನಂಬರ್ ಇದ್ದರೆ ಗೊಂದಲ ಇಲ್ಲ. ತನ್ನಿಂದ ಹಿಂದಕ್ಕೆ ಹೋಗುವುದಾದರೆ ಬೇರೆ ಲೆಕ್ಕ. ತಾನು 1, ಅಪ್ಪ 2, ಅಮ್ಮ 3. ಯಾರ ನಂಬರನ್ನಾದರೂ ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅವರ ಅಮ್ಮ. ಹಾಗಾದರೆ 13 ಯಾರು ಅಂತ ಕೇಳಿದರೆ ಐದನೇ ಕ್ಲಾಸಿನ ಮಕ್ಕಳು ಬೆರಳು ಎಣಿಸಿ "ಅಮ್ಮನ ಅಪ್ಪನ ಅಮ್ಮ" ಎಂದು ನಮಗಿಂತ ಮುಂಚೆ ಹೇಳುತ್ತಾರೆ.

ಕಾರ್ಡಿನ ಮೂಲೆಗೆ ಬಣ್ಣ. ಕಾಗದ ಕಣ್ಣಾರೆ ನೋಡಿದ್ದರೆ ಹಸಿರು. ಯಾರೋ ಹೇಳಿದ್ದಾದರೆ ಹಳದಿ. ಊಹೆಯಾದರೆ ಬಣ್ಣ ಇಲ್ಲ. ಹಿಂದೆ ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಬರೆಯಬೇಕು. ಎಲ್ಲವೂ ಪೆನ್ಸಿಲ್ಲಿನಲ್ಲಿ. ಬದುಕಿರುವವರ ಕಾರ್ಡಿನಲ್ಲಿ ಹುಟ್ಟಿದ ತಾರೀಖು ಬರೆಯುವುದಿಲ್ಲ, ಸಂಘದ ಹಾಲಿಗೆ ಹತ್ತಾರು ಜನ ಬಂದು ಹೋಗುತ್ತಾರೆ.

ಸಂವತ್ಸರ ಚಕ್ರ

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದೆ ಹಳ್ಳಿಯಲ್ಲಿ ಹುಟ್ಟಿದವರ ಸರ್ಟಿಫಿಕೇಟ್ ಹುಡುಕುವುದು ಕಷ್ಟ. ಶಾಲೆಯ ದಾಖಲೆ ಇದೆ, ಆದರೆ ಅಲ್ಲಿ ಅರ್ಧ ಊರು ಜೂನ್ 1ರಂದು ಹುಟ್ಟಿರುತ್ತದೆ. ಶಾಲೆ ಶುರುವಾಗುವುದು ಜೂನಿನಲ್ಲಿ, ಮೇಷ್ಟ್ರು ಸೇರಿಸಿಕೊಳ್ಳಲು ವಯಸ್ಸು ಹೊಂದುವಂತೆ ಒಂದು ತಾರೀಖು ಬರೆದಿರುತ್ತಾರೆ. ಇನ್ನು ಉಳಿಯುವುದು ಜಾತಕ. ಅದರಲ್ಲಿ ಇಸವಿ ಇಲ್ಲದಿದ್ದರೂ ಸಂವತ್ಸರ, ಅಂದರೆ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ವರ್ಷದ ಹೆಸರು, ಇದ್ದೇ ಇರುತ್ತದೆ. ಮುಂಬಯಿಯ ಮಕ್ಕಳಿಗೆ ಪ್ರಭವ, ವಿಭವ ಬಾಯಿಪಾಠ ಮಾಡಿಸುವುದಕ್ಕಿಂತ ಒಂದು ಚಕ್ರ ಕೈಗೆ ಕೊಡುವುದು ಸುಲಭ.

2 ಮಿ.ಮೀ. ದಪ್ಪದ ಬೈಂಡಿಂಗ್ ರಟ್ಟು ತಗೊಳ್ಳಿ. ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. 30 ಸೆಂ.ಮೀ. ಅಡ್ಡಳತೆಯ ಎರಡು ವೃತ್ತ ಕತ್ತರಿಸಿ. ಕೆಳಗಿನ ವೃತ್ತಕ್ಕೆ ಬಿಳಿ ಕಾಗದ ಅಂಟಿಸಿ. ಕೈವಾರವನ್ನು 15 ಸೆಂ.ಮೀ.ಗೆ ಹಾಗೇ ಇಟ್ಟು ಅಂಚಿನ ಮೇಲೆ ಸುತ್ತ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಭಾಗ ಆಗುತ್ತದೆ. ಪ್ರತಿ ಭಾಗವನ್ನು ಕೋನಮಾಪಕದಿಂದ ಹತ್ತು ಮಾಡಿ. ಒಂದೊಂದು ಮನೆ 6 ಡಿಗ್ರಿ, ಒಟ್ಟು 60 ಮನೆ.

ಆರು ದೊಡ್ಡ ಗೆರೆಗಳಲ್ಲಿ ಶುರುವಾಗುವ ಸಂವತ್ಸರಗಳನ್ನು ಮೊದಲು ಬರೆದುಬಿಡಿ: ಪ್ರಭವ, ಈಶ್ವರ, ಸರ್ವಜಿತು, ಹೇವಿಳಂಬಿ, ಪ್ಲವಂಗ, ಪಿಂಗಳ. ನಡುವಿನ ಒಂಬತ್ತೊಂಬತ್ತು ತುಂಬುವಾಗ ಒಂದು ಹೆಸರು ಬಿಟ್ಟುಹೋದರೆ ಮುಂದಿನ ದೊಡ್ಡ ಗೆರೆಯಲ್ಲೇ ಗೊತ್ತಾಗುತ್ತದೆ. ಹೆಸರು ಹೊರಗಿನ ಅಂಚಿಗೆ. ಅದರ ಒಳಗೆ ಒಂದರ ಹಿಂದೆ ಒಂದು ಮೂರು ಇಸವಿ. ಪ್ರಭವಕ್ಕೆ 1987–88, 1927–28, 1867–68. ಹಳೆಯದು ಒಳಗಿರಲಿ. ನಡುವಿಗೆ ಹೋದಷ್ಟೂ ಮನೆ ಕಿರಿದಾಗುತ್ತದೆ, 6 ಸೆಂ.ಮೀ. ದೂರದಲ್ಲಿ ಅಗಲ ಬರೇ 6 ಮಿ.ಮೀ. 1867 ಬೇಕಾಗುವುದು ಅಪರೂಪ, ಅದಕ್ಕೆ ಸಣ್ಣ ಅಕ್ಷರ ಸಾಕು.

ಮೇಲಿನ ವೃತ್ತದಲ್ಲಿ ಒಂದೇ ಒಂದು ಮನೆಯಷ್ಟು ಕಿಟಕಿ ಕೊರೆಯಿರಿ. ನಡುವೆ 5 ಮಿ.ಮೀ. ಬೋಲ್ಟು, ಎರಡೂ ಕಡೆ ಅಗಲದ ವಾಷರ್, ಹಿಂದೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್). ಸಾದಾ ನಟ್ ಹಾಕಿದರೆ ತಿರುಗಿಸುತ್ತಾ ತಿರುಗಿಸುತ್ತಾ ಬಿಚ್ಚಿಕೊಳ್ಳುತ್ತದೆ.

ಚಕ್ರ ಸರಿ ಇದೆಯೇ ಎಂದು ನೋಡಲು ಲೆಕ್ಕ ಇದೆ. ಶಕ ವರ್ಷ ಅಂದರೆ ಇಸವಿಯಿಂದ 78 ಕಳೆದದ್ದು. ಅದಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ನಂಬರು. 1947 ಹಾಕಿ ನೋಡಿ. ಶಕ 1869, ಕೂಡಿಸಿದರೆ 1881, ಶೇಷ 21. ಇಪ್ಪತ್ತೊಂದನೆಯದು ಸರ್ವಜಿತು. ಕಿಟಕಿಯಲ್ಲೂ ಅದೇ ಬರಬೇಕು.

ಬಳಸುವಾಗ ಎರಡು ಕಡೆ ಎಚ್ಚರ ಬೇಕು. ಒಂದು, ಸಂವತ್ಸರ ಶುರುವಾಗುವುದು ಯುಗಾದಿಗೆ. ವಿಕೃತಿ ಸಂವತ್ಸರದ ಮಾಘ ಮಾಸ ಅಂದರೆ 1950 ಅಲ್ಲ, 1951. ಕರಾವಳಿಯಲ್ಲಿ ಸೌರಮಾನದವರಿಗೆ ವರ್ಷ ಶುರುವಾಗುವುದು ಏಪ್ರಿಲ್ ಮಧ್ಯದ ಬಿಸುವಿಗೆ. ಯುಗಾದಿಗೂ ಬಿಸುವಿಗೂ ನಡುವೆ ಹುಟ್ಟಿದವರ ಜಾತಕದಲ್ಲಿ ಹಿಂದಿನ ಸಂವತ್ಸರದ ಹೆಸರು ಇರಬಹುದು. ಎರಡು, ಒಂದೇ ಥರ ಕೇಳುವ ಹೆಸರುಗಳು. ವಿರೋಧಿ 1949ರದ್ದು, ವಿರೋಧಿಕೃತು 1971ರದ್ದು. ಪ್ರಮಾಥಿ 1939, ಪ್ರಮಾದಿ 1973. ಜಾತಕದ ಅಂಚನ್ನು ಗೆದ್ದಲು ತಿಂದು ವಿರೋಧಿ ಅಂತ ಅಷ್ಟೇ ಉಳಿದಿದ್ದರೆ ಮಗಳು ಅಮ್ಮನಾಗಿಬಿಡುತ್ತಾಳೆ. ಇಂಥ ಜೋಡಿಗಳಿಗೆಲ್ಲ ಚಕ್ರದಲ್ಲಿ ಕೆಂಪು ಚುಕ್ಕೆ ಇಟ್ಟಿದ್ದೇವೆ. ಅರವತ್ತು ವರ್ಷದ ಯಾವ ಸುತ್ತು ಅನ್ನುವುದನ್ನು ಮಾತ್ರ ಚಕ್ರ ಹೇಳುವುದಿಲ್ಲ. ಅದನ್ನು ಬಟ್ಟೆಯ ಮೇಲಿನ ಮಕ್ಕಳು ಮೊಮ್ಮಕ್ಕಳೇ ಹೇಳಬೇಕು.

ಟೇಪು

ಈ ಪೆಟ್ಟಿಗೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಟೇಲರ್ ಕೊರಳಿಗೆ ಹಾಕಿಕೊಳ್ಳುವ ಟೇಪು, 150 ಸೆಂ.ಮೀ. ಒಂದು ಸೆಂ.ಮೀ. ಅಂದರೆ ಒಂದು ವರ್ಷ. ಸೊನ್ನೆಗೆ 1880. ಟೇಪಿನ ಅಂಕಿಗೆ 1880 ಕೂಡಿಸಿದರೆ ಇಸವಿ. ಮುಗಿಯುವುದು 2030ಕ್ಕೆ. ಗುರುತುಗಳನ್ನು ಬಣ್ಣದ ದಾರದಲ್ಲಿ ಹೊಲಿಯಬೇಕು. ಮಾರ್ಕರ್ ಗೆರೆ ಮೇ ತಿಂಗಳ ಬೆವರಿನ ಕೈಗೆ ಅಳಿಸಿಹೋಗುತ್ತದೆ.

ಏನೇನು ಹೊಲಿದೆವು? 76ರಲ್ಲಿ 1956ರ ನವೆಂಬರ್ 1. ಅವತ್ತಿನವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಇದೇ ಬೊಂಬಾಯಿಗೆ. 77ರಲ್ಲಿ ಆಣೆ ಹೋಗಿ ನಯೇ ಪೈಸೆ ಬಂದದ್ದು, 84ರಲ್ಲಿ ಆ 'ನಯೇ' ಬಿಟ್ಟದ್ದು. 92ರಲ್ಲಿ ಪಿನ್ ಕೋಡ್, 1972ರ ಆಗಸ್ಟ್ 15. 93ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು. 115ರಲ್ಲಿ ಬೊಂಬಾಯಿ ಮುಂಬಯಿ ಆದದ್ದು. 117ರಲ್ಲಿ ಉಡುಪಿ ಜಿಲ್ಲೆ. 118ರಲ್ಲಿ ಕೊಂಕಣ ರೈಲ್ವೆ ಪೂರ್ತಿ ಓಡಿದ್ದು.

ಇದರ ಉಪಯೋಗ ತಾರೀಖು ಇಲ್ಲದ ಕಾಗದಕ್ಕೆ. ಒಂದು ಹಳೆಯ ಲಕೋಟೆ ಮಕ್ಕಳ ಮುಂದೆ ಇಡಿ. ವಿಳಾಸದಲ್ಲಿ 'ಮಾಟುಂಗಾ, ಬಾಂಬೆ-19' ಇದೆ, 400019 ಇಲ್ಲ. ಅಂಚೆಚೀಟಿ ನಯೇ ಪೈಸೆಯದ್ದು. ಕಳಿಸಿದವರ ಊರಿನ ಕೆಳಗೆ ಮೈಸೂರು ರಾಜ್ಯ ಎಂದಿದೆ. ಟೇಪಿನ ಮೇಲೆ ಬೆರಳು ಇಟ್ಟರೆ 77ಕ್ಕಿಂತ ಹಿಂದೆ ಹೋಗುವಂತಿಲ್ಲ. 92ರ ನಂತರ ಇರುವ ಸಾಧ್ಯತೆ ಕಡಿಮೆ. ಅಂಚೆಚೀಟಿ ಹೇಳುವುದು 'ಇದಕ್ಕಿಂತ ಮುಂಚೆ ಅಲ್ಲ' ಅಂತ ಮಾತ್ರ, ಯಾಕಂದರೆ ಮನೆಯಲ್ಲಿ ಉಳಿದ ಹಳೆಯ ಚೀಟಿಯನ್ನು ಆಮೇಲೂ ಅಂಟಿಸಿರಬಹುದು. ಆಮೇಲೆ ಭೂತಗನ್ನಡಿ ತೆಗೆದು ಅಂಚೆ ಮುದ್ರೆ ಓದಲು ಹೇಳಿ. ಮೊದಲೇ ಮುದ್ರೆ ತೋರಿಸಿದರೆ ಆಟದ ಮಜಾ ಹೋಯಿತು.

ಹಿರಿಯರು ಇಸವಿಯಲ್ಲಿ ಮಾತಾಡುವುದಿಲ್ಲ ಅಲ್ವಾ? ಅದಕ್ಕೂ ಟೇಪಿನಲ್ಲಿ ಜಾಗ ಇದೆ. ಒಬ್ಬ ಹುಡುಗ ಊರಿನಲ್ಲಿರುವ ತನ್ನ ಅಜ್ಜಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದ.

"ಅಜ್ಜೀ, ದೊಡ್ಡಮಾವ ಬೊಂಬಾಯಿಗೆ ಯಾವಾಗ ಬಂದದ್ದು?"

"ನನಗೆ ಇಸವಿ ಗಿಸವಿ ಗೊತ್ತಿಲ್ಲ ಮಾರಾಯ. ನಾವು ಡಿಕ್ಲರೇಶನ್ ಕೊಟ್ಟದ್ದಲ್ವಾ, ಆ ಮಳೆಗಾಲ ಅವ ಇಲ್ಲಿರಲಿಲ್ಲ. ಗದ್ದೆಗೆ ಜನ ಸಾಲದೆ ನಾನೇ ನೇಜಿಗೆ ಇಳಿದದ್ದು."

ಹುಡುಗ ನನ್ನ ಮುಖ ನೋಡಿದ. ಅವನಿಗೆ ಡಿಕ್ಲರೇಶನ್ ಅಂದರೆ ಏನೂ ಅಲ್ಲ. ಕರ್ನಾಟಕದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ಆಮೇಲೆ ಗೇಣಿದಾರರು ತಾವು ಉಳುವ ಭೂಮಿಗೆ ಅರ್ಜಿ ಕೊಟ್ಟರು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಅನ್ನುತ್ತಾರೆ. ಟೇಪಿನಲ್ಲಿ 94ರ ಪಕ್ಕ ಹಸಿರು ದಾರ. ಆ ಅರ್ಜಿಯ ನಕಲು ಮನೆಯಲ್ಲಿ ಇದ್ದರೆ ಉತ್ತಮ, ಗೇಣಿ ಮಾಡುತ್ತಿದ್ದವರ ಹೆಸರು ಅದರಲ್ಲಿ ಸಿಗುತ್ತದೆ. ಇಂಥವೇ ಇನ್ನೂ ಕೆಲವು: 43ರಲ್ಲಿ ನೇತ್ರಾವತಿಯ ದೊಡ್ಡ ನೆರೆ, 64ರಲ್ಲಿ ಬೊಂಬಾಯಿ ಡಾಕಿನಲ್ಲಿ ಹಡಗು ಸ್ಫೋಟ, 102ರಲ್ಲಿ ಗಿರಣಿ ಮುಷ್ಕರ, 125ರಲ್ಲಿ ಜುಲೈ 26ರ ಮಳೆ. ಕೊನೆಯದನ್ನು ಹೊಲಿದದ್ದಕ್ಕೆ ಬೇರೆ ಕಾರಣ. "ನಮ್ಮ ಹಳೆ ಕಾಗದ ಎಲ್ಲ ಆ ನೀರಲ್ಲಿ ಹೋಯಿತು" ಅನ್ನುವ ಮನೆಗಳು ಈ ಊರಿನಲ್ಲಿ ಬಹಳ.

ಫೋಟೊ ಗೂಡು

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಹಳೆಯ ಡ್ರಾಯರನ್ನು ಮಗುಚಿ ಹಾಕಿ, ತಳದಲ್ಲಿ ಮೊಬೈಲ್ ಕ್ಯಾಮರಾಕ್ಕೆ ತೂತು ಕೊರೆದು, ಒಂದು ಪಕ್ಕ ತೆರೆದಿಟ್ಟಿದ್ದೇವೆ. ತೆರೆದ ಪಕ್ಕ ಕಿಟಕಿಯ ಕಡೆಗೆ ಇರಬೇಕು, ಫ್ಲ್ಯಾಶ್ ಬೇಡ. ಒಳ್ಳೆಯ ಪ್ರತಿ ಬೇಕಾದ ಸಣ್ಣ ಫೋಟೊಗಳನ್ನು ಆಮೇಲೆ ಸ್ಕ್ಯಾನರಿನಲ್ಲಿ 600 ಡಿಪಿಐಗೆ ತೆಗೆಯುತ್ತೇವೆ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ, ಚಿತ್ರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತವೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಎದುರಿಗೆ ಕಪ್ಪು ಬಟ್ಟೆ ಹಿಡಿದರೆ ಪ್ರತಿಫಲನ ಇರುವುದಿಲ್ಲ. ಅಂಟಿನ ಪುಟದ ಆಲ್ಬಮ್ಮಿನಿಂದ ಬಿಡಿಸಲು ಹಲ್ಲು ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೊದ ಹಿಂದೆ ನಿಧಾನಕ್ಕೆ ಗರಗಸದ ಹಾಗೆ ಆಡಿಸಬೇಕು. ಹರಿದ ಕಾಗದಕ್ಕೆ ಸೆಲೋಟೇಪ್ ಬೇಡವೇ ಬೇಡ. ಮಳೆಗಾಲದಲ್ಲಿ ಆಲ್ಬಮ್ಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಬೂಸ್ಟು ಹಿಡಿಯುತ್ತದೆ.

ಬಳಕೆ

ಕ್ಲಾಸಿನಲ್ಲಿ ಮೊದಲು ಚಕ್ರ ಕೊಡುತ್ತೇನೆ. ಎಲ್ಲರೂ ತಮ್ಮ ಹುಟ್ಟಿದ ಸಂವತ್ಸರ ಹುಡುಕುತ್ತಾರೆ, ಆಮೇಲೆ ಅಪ್ಪ ಅಮ್ಮನದ್ದು. ಒಂದು ಮಗುವಿಗೆ ಅಜ್ಜನ ಹೆಸರಿನ ಬದಲು "ಅಜ್ಜ" ಅಂತ ಮಾತ್ರ ಗೊತ್ತಿರುತ್ತದೆ. ಅದಕ್ಕೆ ನಗುವುದು ಬೇಡ, ಕಾರ್ಡಿನಲ್ಲಿ ಹಾಗೆಯೇ ಬರೆಸಿ ಮನೆಗೆ ಕಳಿಸುತ್ತೇನೆ.

ಮನೆಯಲ್ಲಿ ಯಾವ ಕಾಗದ ಹುಡುಕಬೇಕು ಅನ್ನುವುದನ್ನೂ ಹೇಳಿ ಕಳಿಸಬೇಕು. ಸುಮ್ನೆ "ಹಳೆ ಕಾಗದ ತನ್ನಿ" ಅಂದರೆ ಯಾರೂ ತರುವುದಿಲ್ಲ. ಹೋಟೆಲ್ ಇದ್ದವರ ಮನೆಯಲ್ಲಿ ಗುಮಾಸ್ತಾ ಲೈಸೆನ್ಸ್ (ಅಂಗಡಿ, ಹೋಟೆಲಿನ ನೋಂದಣಿ ಪತ್ರ) ಇರುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ ಊರು ಇರುತ್ತದೆ. ಊರಿನ ಮನೆಯಲ್ಲಿ ಮನಿಯಾರ್ಡರಿನ ತುಂಡು ಕಾಗದಗಳು ಇರುತ್ತವೆ. ಕಳಿಸಿದವರ ವಿಳಾಸ, ತಾರೀಖು, ಎರಡು ಸಾಲಿನ ಸುದ್ದಿ, ಎಲ್ಲ ಅದರಲ್ಲಿ. ಅಳಿಯಕಟ್ಟಿನವರಿಗೆ ಪಾಲುಪಟ್ಟಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಒಬ್ಬ ಹೆಂಗಸಿನಿಂದ ಹೆಣ್ಣುಮಕ್ಕಳ ಮೂಲಕ ಇಳಿದುಬಂದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಆಮೇಲೆ ಬರೆದ ಪಾಲುಪಟ್ಟಿ ಸಿಕ್ಕಿದರೆ ಯಾರು ಯಾವ ಹೆಂಗಸಿನ ಕವರು ಅನ್ನುವುದು ಅದರಲ್ಲೇ ಸಿಗುತ್ತದೆ, ಬಟ್ಟೆಯ ಅರ್ಧ ಒಂದೇ ದಿನದಲ್ಲಿ ತುಂಬುತ್ತದೆ. ಕಾಗದವೇ ಇಲ್ಲದ ಮನೆಗೂ ಒಂದು ದಾರಿ ಇದೆ. ನಾಗರಪಂಚಮಿಗೆ ತನು ಹಾಕಲು, ಅಂದರೆ ನಾಗನಿಗೆ ಹಾಲೆರೆಯಲು, ಯಾವ ನಾಗಬನಕ್ಕೆ ಹೋಗುತ್ತೀರಿ ಎಂದು ಕೇಳಿ. ಮೂಲ ನಾಗ ಇರುವ ಕಡೆ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ, ಅಲ್ಲಿಗೆ ಬರುವವರೆಲ್ಲ ಒಂದೇ ಬೇರಿನವರು.

ಧಾರವಾಡದ ಒಂದು ಮನೆಯಿಂದ ಬಂದ ಕಾಗದ ಯಾರಿಗೂ ಓದಲು ಬರಲಿಲ್ಲ. ಮೋಡಿ ಲಿಪಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ. ಬೊಂಬಾಯಿ ಪ್ರಾಂತ್ಯದ ಹಳೆಯ ಲೆಕ್ಕಪತ್ರಗಳಲ್ಲಿ ಇದು ಜಾಸ್ತಿ. ಪುಣೆಯಲ್ಲಿ 1910ರಲ್ಲಿ ಶುರುವಾದ ಭಾರತ ಇತಿಹಾಸ ಸಂಶೋಧಕ ಮಂಡಳದಂಥ ಕಡೆ ಮೋಡಿ ಬಲ್ಲವರು ಇದ್ದಾರೆ. ಆ ಹುಡುಗಿಯ ಅಪ್ಪನಿಗೆ ಕಾಗದದ ಫೋಟೊ ಮಾತ್ರ ಒಯ್ಯಲು ಹೇಳಿದ್ದೇನೆ, ಮೂಲ ಮನೆಯಲ್ಲೇ ಇರಲಿ. ಹಾಗೆಯೇ ನಾಸಿಕ, ತ್ರ್ಯಂಬಕಕ್ಕೆ ಹೋಗುವವರು ಅಲ್ಲಿನ ತೀರ್ಥ ಪುರೋಹಿತರ ವಂಶಾವಳಿ ಪುಸ್ತಕ ಕೇಳಿ ನೋಡಬೇಕು. ಹಿಂದೆ ಬಂದವರು ತಮ್ಮ ಹೆಸರು, ಊರು ಬರೆಸಿ ಹೋಗಿರುತ್ತಾರೆ.

ಒಮ್ಮೆ ಒಬ್ಬಳು ಹುಡುಗಿಯ ದೊಡ್ಡಮ್ಮ ಕ್ಲಾಸಿಗೆ ಬಂದು ಬಟ್ಟೆಯ ಮುಂದೆ ನಿಂತರು. "ಇದರಲ್ಲಿ ನನ್ನ ತಂಗಿ ಒಬ್ಬಳು ಇಲ್ಲವಲ್ಲ?" ಎಂದರು. ಮೂರು ವರ್ಷಕ್ಕೇ ಹೋದ ಮಗು, ಹೆಸರು ಯಾರಿಗೂ ಹೇಳಿರಲಿಲ್ಲ. ಎಲ್ಲ ಕಾರ್ಡುಗಳನ್ನು ಒಂದೊಂದು ಬಟನ್ ಬಲಕ್ಕೆ ಸರಿಸಿ ಜಾಗ ಮಾಡಿದೆವು. ಆದರೆ ಎಲ್ಲರೂ ಹೀಗೆ ಹೇಳುವುದಿಲ್ಲ. ಎರಡನೇ ಮದುವೆ, ದತ್ತು, ಮನೆ ಬಿಟ್ಟು ಓಡಿ ಬಂದದ್ದು, ಇವೆಲ್ಲ ಬರುತ್ತವೆ. ಮಕ್ಕಳಿಗೆ ಒಂದೇ ನಿಯಮ ಹೇಳಿದ್ದೇನೆ. ಹಿರಿಯರು "ಅದು ಬೇಡ" ಅಂದರೆ ಮತ್ತೆ ಕೇಳಬಾರದು. ಕಾರ್ಡು ಖಾಲಿ ಇರಲಿ, ನಂಬರ್ ಇದ್ದರೆ ಸಾಕು.

ತುಂಬಿದ ಬಟ್ಟೆಯ ಫೋಟೊ ತೆಗೆದು, ಕಾರ್ಡು ಕಿತ್ತು ಮನೆಯವರಿಗೆ ಕೊಡುತ್ತೇವೆ. ಬೇಕಾದವರಿಗೆ ಗ್ರಾಂಪ್ಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಹಾಕಿಕೊಡುತ್ತೇವೆ, ಹೆಸರು ಕನ್ನಡದಲ್ಲೇ ಬರೆಯಬಹುದು. ಉಳಿಸುವಾಗ ಜೆಡ್‌ಕಾಮ್ (ಬೇರೆ ಬೇರೆ ವಂಶಾವಳಿ ಸಾಫ್ಟ್‌ವೇರುಗಳು ಓದಬಲ್ಲ ಫೈಲು) ಪ್ರತಿಯೂ ಒಂದು ಇರಲಿ, ನಾಳೆ ಬೇರೆ ಸಾಫ್ಟ್‌ವೇರಿಗೆ ಹೋಗಲು ಬೇಕಾಗುತ್ತದೆ.

ಸದ್ಯ ಬಾಕಿ ಇರುವುದು: ಪಕ್ಕಕ್ಕೆ ಜೋಡಿಸುವ ಎರಡನೇ ಬಟ್ಟೆಗೆ ಬಟನ್ ಹೊಲಿಯುವುದು, ಚಕ್ರದ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದು. ಟೇಪಿಗೆ ಸಿಗದ ಒಂದು ವರ್ಷವೂ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿಗೆ ಸೇರಿಸಿದರು. ಅಂಕೋಲಾ, ಕುಮಟಾ ಕಡೆಯ ಮನೆಗಳಿಗೆ ಅದು ಬೇಕೇ ಬೇಕು, ಯಾವ ಕಚೇರಿಯ ದಾಖಲೆ ಹುಡುಕಬೇಕು ಅನ್ನುವುದೇ ಅದರ ಮೇಲೆ ನಿಂತಿದೆ. ಸೊನ್ನೆಯ ಹಿಂದೆ 20 ಸೆಂ.ಮೀ. ನಾಡಾ ಹೊಲಿದು ಉದ್ದ ಮಾಡಲು ಟೇಲರಿಗೆ ಕೊಟ್ಟಿದ್ದೇನೆ.